ನೆರೆಯೂ ನೆರೆಕರೆಯೂ

ಕನ್ನಡದಲ್ಲಿ ‘ನೆರೆ’ ಎಂಬುದು ಉಕ್ಕಿ ಬಂದ ಹೊಳೆಗೂ ಹೆಸರು, ಪಕ್ಕದ ಮನೆಗೂ ಹೆಸರು. ಕಾಸರಗೋಡಿನ ಬೈಲುಗಳಲ್ಲಿ ಬಾಳುವ ನಮಗೆ ಆಟಿಯ ಮಳೆಯಲ್ಲಿ ಈ ಎರಡು ಅರ್ಥಗಳೂ ಒಟ್ಟಿಗೇ ಎದುರಾಗುತ್ತವೆ. ಚಂದ್ರಗಿರಿ ಹೊಳೆ ತುಂಬಿ ತೋಟಗಳಿಗೆ ಏರುವುದನ್ನೂ, ಮಧುವಾಹಿನಿ ಉಕ್ಕಿ ಮಧೂರು ದೇವಾಲಯಕ್ಕೆ ನುಗ್ಗುವುದನ್ನೂ ಕಾಣದವರು ಇಲ್ಲಿ ವಿರಳ. ಆದುದರಿಂದ ಒಂದು ಪ್ರಶ್ನೆಯನ್ನು ವಾಚಕರ ಮುಂದಿಡಲು ಬಯಸುತ್ತೇವೆ: ತನ್ನ ಮನೆಯನ್ನು ನೀರಿನಿಂದ ಕಾಪಾಡಿಕೊಳ್ಳುವ ಗೃಹಸ್ಥನ ಹಕ್ಕಿಗೆ ಎಲ್ಲೆ ಯಾವುದು?

ಹಕ್ಕು ಇದೆಯೆಂಬುದರಲ್ಲಿ ಸಂದೇಹವಿಲ್ಲ. ಪಂಚಾಂಗವನ್ನು ಎತ್ತರಿಸಿ ಮನೆ ಕಟ್ಟುವುದು, ಮಕ್ಕಳನ್ನೂ ವೃದ್ಧರನ್ನೂ ಹೊತ್ತಿಗೆ ಮೊದಲೇ ಎತ್ತರದ ಸ್ಥಳಕ್ಕೆ ಸಾಗಿಸುವುದು, ನೀರು ಒಳಬರುವ ಮುನ್ನ ವಿದ್ಯುತ್ತಿನ ಮುಖ್ಯ ಸ್ವಿಚ್ಚನ್ನು ಆರಿಸುವುದು, ಭೂಮಿಯ ಕಾಗದಪತ್ರಗಳನ್ನು ಅಟ್ಟಕ್ಕೇರಿಸುವುದು, ಹೊಸ್ತಿಲಿಗೆ ಮರಳಿನ ಚೀಲಗಳನ್ನು ಅಡ್ಡವಿಡುವುದು, ನೆರೆ ಇಳಿದ ಮೇಲೆ ಬಾವಿಯ ನೀರನ್ನು ಕುದಿಸಿಯೇ ಕುಡಿಯುವುದು, ಇವೆಲ್ಲವೂ ಗೃಹಸ್ಥನ ಕರ್ತವ್ಯಗಳೇ. ಇವುಗಳಿಂದ ಪರರಿಗೆ ಕೇಡಿಲ್ಲ.

ತೋಡಿಗೆ ಅಡ್ಡಲಾಗಿ ಪಾಗಾರವೆಬ್ಬಿಸುವುದೂ, ಗದ್ದೆಗೆ ಮಣ್ಣು ತುಂಬುವುದೂ ಹಾಗಲ್ಲ. ಒಂದು ಎಕರೆ ನೆಲದ ಮೇಲೆ 100 ಮಿಲಿಮೀಟರು ಮಳೆ ಸುರಿದರೆ ಸುಮಾರು 4 ಲಕ್ಷ ಲೀಟರು ನೀರಾಗುತ್ತದೆ. ಶಾಲೆಯ ಮಕ್ಕಳೂ ಮಾಡಬಲ್ಲ ಲೆಕ್ಕವಿದು. ಗದ್ದೆಯು ಅದರಲ್ಲಿ ಬಹುಪಾಲನ್ನು ಬದುಗಳ ನಡುವೆ ತಡೆದು, ಕೊಂಚ ಇಂಗಿಸಿ, ಉಳಿದುದನ್ನು ಮೆಲ್ಲನೆ ತೋಡಿಗೆ ಬಿಡುತ್ತದೆ. ಮಣ್ಣು ತುಂಬಿದ ನೆಲವು ಒಮ್ಮೆಲೇ ಹೊರದೂಡುತ್ತದೆ. ಪಾಗಾರದಿಂದ ನೀರು ಇಲ್ಲವಾಗುವುದಿಲ್ಲ, ಅದು ಇನ್ನೊಂದು ಮನೆಯ ದಾರಿ ಹಿಡಿಯುತ್ತದೆ. ಆ ಮನೆಯು ಬಹುಮಟ್ಟಿಗೆ ಪಾಗಾರ ಕಟ್ಟಲು ಶಕ್ತಿಯಿಲ್ಲದವನದು. ತಗ್ಗಿನಲ್ಲಿ ಐದು ಸೆಂಟ್ಸು ಜಾಗ ಮಾತ್ರ ಉಳ್ಳವನದು.

ಮೇಲಿನ ಭೂಮಿಯಲ್ಲಿ ಬಿದ್ದ ಮಳೆನೀರು ಸಹಜವಾಗಿ ಹರಿದುಬರಲು ಕೆಳಗಿನವನು ಎಡೆಗೊಡಬೇಕೆಂದು 1882ರ ಈಸ್‌ಮೆಂಟ್ ಕಾಯಿದೆ ಹೇಳುತ್ತದೆ. ‘ಸಹಜವಾಗಿ’ ಎಂಬ ಮಾತಿನಲ್ಲಿಯೇ ನ್ಯಾಯದ ತಿರುಳಿದೆ. ಮೇಲಿನವನು ಕೃತಕವಾಗಿ ಹೆಚ್ಚಿಸಿದ ಹೊರೆಯನ್ನು ಕೆಳಗಿನವನು ಏಕೆ ಹೊರಬೇಕು? ಗದ್ದೆಗಳ ರಕ್ಷಣೆಗೆಂದು ಕೇರಳದಲ್ಲಿ 2008ರಲ್ಲಿ ಬೇರೊಂದು ಕಾಯಿದೆಯೂ ಬಂದಿತು. ಆದರೆ ಕಾಯಿದೆಯ ಕೈ ಪ್ರತಿಯೊಂದು ಬದುವಿನವರೆಗೂ ಚಾಚದು. ಅಲ್ಲಿ ಮನಸ್ಸಾಕ್ಷಿಯೇ ಕಾವಲಿರಬೇಕು.

“ಎಲ್ಲರೂ ಗದ್ದೆ ತುಂಬಿದರು, ನಾನೊಬ್ಬ ಬಿಟ್ಟರೆ ನೀರು ಇಳಿಯುವುದೇ?” ಎಂದು ಕೇಳುವವರುಂಟು. ಈ ವಾದವನ್ನು ಕ್ಷುಲ್ಲಕವೆಂದು ತಳ್ಳಲಾಗದು, ಒಬ್ಬನ ತ್ಯಾಗದಿಂದ ಹೊಳೆ ತಗ್ಗುವುದಿಲ್ಲ. ಆದರೆ ನಮ್ಮ ಸೀಮೆಯ ‘ಕಟ್ಟ’ವನ್ನು ನೋಡಿರಿ. ಮಳೆ ಕಳೆದು ತೋಡಿನ ಹರಿವು ಕುಗ್ಗಿದಾಗ ನೆರೆಕರೆಯವರು ಕೂಡಿ ಕಲ್ಲುಮಣ್ಣು ಹೊತ್ತು ಕಟ್ಟ ಹಾಕಿ ಅಡಕೆ ತೋಟಗಳಿಗೆ ನೀರು ನಿಲ್ಲಿಸಿದರು. ಅದೇ ಕಟ್ಟ ಮಳೆಗಾಲದ ಹರಿವಿಗೆ ಅಡ್ಡ ನಿಲ್ಲಬಾರದೆಂಬುದನ್ನೂ ಕೂಡಿಯೇ ಅರಿತಿದ್ದರು. ನೀರಿನ ವಿಷಯದಲ್ಲಿ ಒಂಟಿ ಬುದ್ಧಿವಂತಿಕೆ ಸಾಲದೆಂಬ ತಿಳಿವಳಿಕೆ ಅದು. 2018ರ ಆಗಸ್ಟ್ ತಿಂಗಳ ಮಹಾನೆರೆಯಲ್ಲಿ ಮಧ್ಯಕೇರಳದ ಎತ್ತರದ ಪಾಗಾರಗಳೂ ಮುಳುಗಿದುವು. ಆಗ ಸಾವಿರಾರು ಮಂದಿಯನ್ನು ಪಾರುಗಾಣಿಸಿದವರು ದೋಣಿಗಳನ್ನು ಲಾರಿಗಳಲ್ಲಿ ಹೇರಿ ತಂದ ಕಡಲತೀರದ ಮೀನುಗಾರರು.

ಪತ್ತನಾಜೆಗೆ ಮೊದಲು ತೋಡಿನ ಹೂಳೆತ್ತಲು ಮೇಲ್ಮನೆಯವನೂ ಕೆಳಮನೆಯವನೂ ಜೊತೆಗೆ ಹಾರೆ ಹಿಡಿಯಲಿ. ಪಾಗಾರ ಕಟ್ಟುವ ಮುನ್ನ ಪ್ರತಿಯೊಬ್ಬನೂ ತನ್ನನ್ನು ಕೇಳಿಕೊಳ್ಳಲಿ: ಇಲ್ಲಿ ತಡೆದ ನೀರು ಎಲ್ಲಿಗೆ ಹೋಗುತ್ತದೆ? ಅದರ ಉತ್ತರವನ್ನು ಕೆಳಮನೆಯವನ ಅಂಗಳದಲ್ಲಿ ನಿಂತು ಅವನ ಮುಖ ನೋಡಿ ಹೇಳಬಲ್ಲನಾದರೆ ಧಾರಾಳವಾಗಿ ಕಲ್ಲಿಡಲಿ.