ಇಲ್ಲದ ಕೋಟೆಯನ್ನು ನೋಡುವುದು

ಪ್ಯಾರಿಸ್ಸಿನ ಬಾಸ್ಟೀಲ್ ಚೌಕವನ್ನು ಸುತ್ತಿಸುವ ವಿಡಿಯೊಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ನಡುವೆ ನಿಂತ ಎತ್ತರದ ಕಂಬ, ಅದರ ತುದಿಯಲ್ಲಿ ಹೊಳೆಯುವ ರೆಕ್ಕೆಯ ಮೂರ್ತಿ. ಫ್ರೆಂಚ್ ಮಹಾಕ್ರಾಂತಿಯ ಸ್ಮಾರಕ ಇದೇ ಎಂದು ನೋಡುವವರು ನಂಬಿಬಿಡುತ್ತಾರೆ. ಆದರೆ ಅದು 1830ರ ಜುಲೈ ಕ್ರಾಂತಿಯಲ್ಲಿ ಮಡಿದವರ ನೆನಪಿಗೆ ನಿಲ್ಲಿಸಿದ್ದು. ಮಹಾಕ್ರಾಂತಿಯಲ್ಲಿ, 1789ರ ಜುಲೈ 14ರಂದು, ಜನ ನುಗ್ಗಿದ ಬಾಸ್ಟೀಲ್ ಕೋಟೆ ಅಲ್ಲಿಲ್ಲವೇ ಇಲ್ಲ. ಕೈವಶವಾದ ಕೂಡಲೇ ಅದನ್ನು ಕೆಡವತೊಡಗಿದರು. ಅದರ ಒಂದಷ್ಟು ಕಲ್ಲು ಸೇನ್ ನದಿಯ ಕಾಂಕಾರ್ಡ್ ಸೇತುವೆಗೆ ಹೋಯಿತು. ಈಗ ಚೌಕದಲ್ಲಿ ಕಾಣುವುದು ರಸ್ತೆಯ ಹಾಸಿನಲ್ಲಿ ಬೇರೆ ಕಲ್ಲಿನಿಂದ ಎಳೆದ ಅದರ ಗೋಡೆಗಳ ಗುರುತು. ಅದರ ಮೇಲೆ ವಾಹನಗಳು ಓಡಾಡುತ್ತವೆ. ಕ್ಯಾಮೆರಾ ಅತ್ತ ಬಗ್ಗುವುದು ಅಪರೂಪ.

ಅಲ್ಲಿಗೇ ಹೋಗಿ ನೋಡಬೇಕು, ಪರದೆಯ ಮೇಲೆ ಏನು ಸಿಕ್ಕೀತು ಎನ್ನುವವರಿದ್ದಾರೆ. ಈ ಮಾತು ನನಗೆ ಒಪ್ಪಿಗೆಯಿಲ್ಲ. ವೀಸಾ ಪಡೆದು, ಲಕ್ಷಗಟ್ಟಲೆ ಖರ್ಚು ಮಾಡಿ ಹೋದವರಿಗೂ ಅಲ್ಲಿ ಕಾಣುವುದು ಅದೇ ಕಂಬ, ಅದೇ ವಾಹನಗಳು. ದೂರವಿರುವುದರಿಂದ ಆಗುವ ನಷ್ಟ ದೊಡ್ಡದಲ್ಲ. ಕ್ಯಾಮೆರಾ ಯಾವುದರ ಕಡೆ ವಾಲುತ್ತದೆ ಎನ್ನುವುದೇ ನನ್ನ ಚಿಂತೆ.

ವರ್ಸೈ ಅರಮನೆಯನ್ನೇ ತೆಗೆದುಕೊಳ್ಳಿ. ಕನ್ನಡಿಗಳ ಸಭಾಂಗಣದಲ್ಲಿ ವಿಡಿಯೊ ನಿಧಾನವಾಗಿ ಸಾಗುತ್ತದೆ. ಗೊಂಚಲು ದೀಪ, ಚಿತ್ರ ತುಂಬಿದ ಚಾವಣಿ, ಒಂದೂ ಬಿಟ್ಟುಹೋಗುವುದಿಲ್ಲ. ಅದೇ ಊರಿನ ಮೆನು-ಪ್ಲೆಸಿರ್ ಭವನದ ಸಭಾಂಗಣದಲ್ಲಿ 1789ರ ಆಗಸ್ಟ್ 26ರಂದು ಮಾನವ ಹಕ್ಕುಗಳ ಘೋಷಣೆ ಅಂಗೀಕಾರವಾಯಿತು. ಆ ಸಭಾಂಗಣವನ್ನು ಆಮೇಲೆ ಕೆಡವಿಹಾಕಿದರು. ಅದೇ ವರ್ಷ ಜೂನ್ 20ರಂದು ಜನಪ್ರತಿನಿಧಿಗಳು, ಸಂವಿಧಾನವಾಗುವ ತನಕ ಚದುರುವುದಿಲ್ಲ ಎಂದು ಪ್ರತಿಜ್ಞೆ ಮಾಡಿದ ಚೆಂಡಾಟದ ಮನೆಯೇನೋ ಉಳಿದಿದೆ, ಆದರೆ ಅರಮನೆಯ ವೈಭವದ ಪಕ್ಕದಲ್ಲಿ ಅದು ಬರಿಯ ದೊಡ್ಡ ಕೋಣೆ. ಅರಮನೆಯನ್ನು ಕಟ್ಟಿದ್ದೇ ಜನ ಕಣ್ಣರಳಿಸಿ ನೋಡಲೆಂದು. ಕ್ರಾಂತಿಗೆ ಕಟ್ಟಿಸಿಕೊಳ್ಳುವಷ್ಟು ಪುರುಸೊತ್ತಿರಲಿಲ್ಲ. ಸಿಕ್ಕ ಜಾಗದಲ್ಲಿ ನಡೆದುಹೋಯಿತು. ಹೀಗಾಗಿ ಚೆಂದವನ್ನೇ ಹುಡುಕಿಕೊಂಡು ಹೋಗುವ ಕ್ಯಾಮೆರಾ ತನಗರಿವಿಲ್ಲದೆ ರಾಜನ ಪಕ್ಷ ಸೇರುತ್ತದೆ. ಕ್ರಾಂತಿಯ ಕಥೆ ಹೇಳುವ ದನಿ ಹಿನ್ನೆಲೆಯಲ್ಲಿ ಏನೇ ಹೇಳಲಿ, ಕಣ್ಣು ಮಾತ್ರ ಚಿನ್ನದ ಲೇಪದ ಮೇಲೆಯೇ ಇರುತ್ತದೆ.

ಇದಕ್ಕಿಂತ ದೊಡ್ಡ ಲೋಪ ಕತ್ತರಿ ಪ್ರಯೋಗದ್ದು. 1789ರ ಅಕ್ಟೋಬರ್ 5ರಂದು ರೊಟ್ಟಿ ಸಿಗದೆ ರೊಚ್ಚಿಗೆದ್ದ ಪ್ಯಾರಿಸ್ಸಿನ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ಮಳೆಯಲ್ಲೇ ವರ್ಸೈಗೆ ನಡೆದರು. ಸುಮಾರು 20 ಕಿಲೋಮೀಟರ್ ದಾರಿ. ಮರುದಿನ ರಾಜ, ರಾಣಿ, ಮಕ್ಕಳನ್ನು ಕರೆದುಕೊಂಡೇ ಪ್ಯಾರಿಸ್ಸಿಗೆ ಹಿಂದಿರುಗಿದರು. ರಾಜ ಮತ್ತೆಂದೂ ವರ್ಸೈಗೆ ಮರಳಲಿಲ್ಲ. ವಿಡಿಯೊದಲ್ಲಿ ಪ್ಯಾರಿಸ್ ಮುಗಿದ ಮರುಕ್ಷಣ ವರ್ಸೈನ ಗೇಟು ಬರುತ್ತದೆ. ಆ ಹೆಂಗಸರ ಮಟ್ಟಿಗೆ ಕ್ರಾಂತಿ ನಡೆದದ್ದು ಈ ಎರಡು ದೃಶ್ಯಗಳ ನಡುವಿನ ದಾರಿಯಲ್ಲಿ, ಕೆಸರು ತುಳಿದು ಕಳೆದ ಗಂಟೆಗಳಲ್ಲಿ. ಕತ್ತರಿ ಬಿದ್ದದ್ದು ಸರಿಯಾಗಿ ಅಲ್ಲಿಗೇ.

ಆ ದಾರಿಯನ್ನು ಎಲ್ಲೂ ಕತ್ತರಿಸದೆ, ನಡಿಗೆಯ ವೇಗದಲ್ಲಿ, ಒಂದು ಮಳೆಯ ದಿನ ಚಿತ್ರಿಸಿದ ವಿಡಿಯೊ ಬೇಕು. ಇವತ್ತಿನ ಅಂಗಡಿಗಳು, ಫ್ಲಾಟುಗಳು, ಸಿಗ್ನಲ್ಲುಗಳು ಅಡ್ಡ ಬರಲಿ, ನೋಡುವವರಿಗೆ ಬೇಸರವೂ ಆಗಲಿ. ಮೂರನೇ ಗಂಟೆಯ ಹೊತ್ತಿಗೆ ಒಂದು ಪ್ರಶ್ನೆ ತಾನಾಗಿ ಏಳುತ್ತದೆ: ತೊಯ್ದು, ಹಸಿದು, ಕಾಲು ಸೋತ ಅವರು ಅರ್ಧ ದಾರಿಯಲ್ಲಿ ಮನೆಗೆ ಹಿಂದಿರುಗಲಿಲ್ಲ ಏಕೆ? ಕನ್ನಡಿಗಳ ಸಭಾಂಗಣವನ್ನು ಎಷ್ಟು ಸೊಗಸಾಗಿ ತೋರಿಸಿದರೂ ಈ ಪ್ರಶ್ನೆ ಏಳುವುದಿಲ್ಲ.