ಹೇಳದೆ ತೆಗೆದ ಚಿತ್ರ

ಛಾಯಾಚಿತ್ರ ಪ್ರದರ್ಶನವೊಂದರಲ್ಲಿ ಯುವಕನೊಬ್ಬ ನನ್ನ ಪಕ್ಕ ನಿಂತು, ಬಡವರ ಫೋಟೊ ತೆಗೆಯುವುದೆಲ್ಲ ಕಳ್ಳತನವೇ ಎಂದ. ನನಗೆ ಸಿಟ್ಟು ಬಂತು. ಆದರೆ ಆ ಹುಡುಗನ ಮಾತಿನ ಹಿಂದೆ ಇದ್ದವರು ಅಮೆರಿಕದ ಲೇಖಕಿ ಸೂಸನ್ ಸೊಂಟಾಗ್. 1977ರ ‘ಆನ್ ಫೋಟೊಗ್ರಫಿ’ಯಲ್ಲಿ ಅವರು ಕ್ಯಾಮೆರಾವನ್ನು ಬಂದೂಕಿಗೆ ಹೋಲಿಸಿದರು. ಚಿತ್ರ ತೆಗೆಯುವುದೆಂದರೆ ಎದುರಿನವರನ್ನು ವಶಮಾಡಿಕೊಳ್ಳುವುದು ಎಂದರು. ಸಂಕಟದ ಚಿತ್ರಗಳನ್ನು ನೋಡಿ ನೋಡಿ ನಮ್ಮ ಮನಸ್ಸು ಜಡ್ಡುಗಟ್ಟುತ್ತದೆ ಎಂದೂ ವಾದಿಸಿದರು.

ಹಾಗಾದರೆ 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೊದಲ್ಲಿ ಆದದ್ದೇನು? ಬಟಾಣಿ ಬೆಳೆ ಹಾಳಾಗಿ, ಕೊಯ್ಲಿಗೆ ಬಂದ ಕೂಲಿಗಾರರು ಹಸಿದು ಕೂತಿದ್ದರು. ಸರ್ಕಾರಿ ಕೆಲಸದ ಮೇಲೆ ಸುತ್ತುತ್ತಿದ್ದ ಛಾಯಾಗ್ರಾಹಕಿ ಡೊರೊಥಿಯಾ ಲ್ಯಾಂಗ್, ಮಕ್ಕಳನ್ನು ಒತ್ತಿಕೊಂಡು ಕೂತಿದ್ದ ತಾಯಿಯೊಬ್ಬಳನ್ನು ಅಲ್ಲಿ ಚಿತ್ರಿಸಿದರು. ಅವರ ಚಿತ್ರಗಳು ಪತ್ರಿಕೆಯಲ್ಲಿ ಅಚ್ಚಾದ ಕೆಲವೇ ದಿನಗಳಲ್ಲಿ ಆ ಬಿಡಾರಕ್ಕೆ ಸುಮಾರು 9,000 ಕಿಲೊ ಆಹಾರ ಬಂತು. ಊಟ ತಂದದ್ದನ್ನು ಬಂದೂಕು ಎನ್ನಲು ನನಗೆ ನಾಲಿಗೆ ಏಳುವುದಿಲ್ಲ.

ಕಥೆ ಇಲ್ಲಿಗೇ ನಿಂತಿದ್ದರೆ ವಾದ ಗೆದ್ದಂತೆ. ಆದರೆ ಆಹಾರ ಬರುವ ಹೊತ್ತಿಗೆ ಆ ತಾಯಿ ಮಕ್ಕಳೊಂದಿಗೆ ಮುಂದಿನ ಊರಿಗೆ ಹೊರಟುಹೋಗಿದ್ದರು. ಲ್ಯಾಂಗ್ ಆಕೆಯ ಹೆಸರನ್ನೂ ಕೇಳಿರಲಿಲ್ಲ. ಆಕೆ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಲೋಕಕ್ಕೆ ತಿಳಿದದ್ದು 1978ರಲ್ಲಿ. ಆ ಚಿತ್ರ ತೆಗೆಯದಿದ್ದರೇ ಚೆನ್ನಾಗಿತ್ತು, ಅದರಿಂದ ತನಗೆ ಬಿಡಿಗಾಸೂ ಸಿಗಲಿಲ್ಲ ಎಂದು ಆಗ ಆಕೆ ನೊಂದು ಹೇಳಿದರು. 1983ರಲ್ಲಿ ಆಕೆ ಹಾಸಿಗೆ ಹಿಡಿದಾಗ, ಅದೇ ಚಿತ್ರವನ್ನು ನೆನೆದು ಕಂಡರಿಯದ ಜನ ಚಿಕಿತ್ಸೆಗೆ ಹಣ ಕಳಿಸಿದರು. ಈ ಲೆಕ್ಕವನ್ನು ಹೇಗೆ ಕೂಡಿ ಕಳೆಯಬೇಕೋ ನನಗೆ ತಿಳಿಯದು.

ನನ್ನ ಸಿಟ್ಟಿನ ಬೇರು ನಮ್ಮ ಮನೆಯಲ್ಲೇ ಇದೆ. ಒಂದು ಬೆಳಗ್ಗೆ ಅಜ್ಜಿ ಜಗಲಿಯಲ್ಲಿ ಕೂತು ಅಕ್ಕಿ ಕೇರುತ್ತಿದ್ದಳು. ಮೊರದಿಂದ ಎದ್ದ ತೌಡಿನ ದೂಳು ಬಿಸಿಲಲ್ಲಿ ತೇಲುತ್ತಿತ್ತು. ಹೇಳದೆ ಒಂದು ಫೋಟೊ ತೆಗೆದೆ. ಪ್ರಿಂಟ್ ಹಾಕಿಸಿ ಕೈಗಿಟ್ಟಾಗ ಅವಳಿಗೆ ಬಿಸಿಲು ಕಾಣಲಿಲ್ಲ, ಸೆರಗಿನ ತೇಪೆ ಕಂಡಿತು. “ಒಂದ್ ಮಾತು ಹೇಳಿದ್ರೆ ಒಳ್ಳೆ ಸೀರೆ ಉಟ್ಕೊಂಡ್ ಬರ್ತಿದ್ನಲ್ಲೋ ಮಗಾ” ಎಂದಳು. ಹೇಳಿದ್ದರೆ ಅವಳು ಮೊರ ಬದಿಗಿಟ್ಟು, ನೆಟ್ಟಗೆ ಬಿಗಿದು ನಿಲ್ಲುತ್ತಿದ್ದಳು. ಆ ಬಾಗಿದ ಕತ್ತು ನನಗೆ ಸಿಗುತ್ತಿರಲಿಲ್ಲ. ಆದರೆ ಲೋಕದೆದುರು ಹೇಗೆ ನಿಲ್ಲಬೇಕೆಂದು ತೀರ್ಮಾನಿಸುವ ಹಕ್ಕು ಅವಳದಾಗಿತ್ತು. ಅದನ್ನು ನಾನು ತೆಗೆದುಕೊಂಡಿದ್ದೆ.

ಮನಸ್ಸು ಜಡ್ಡುಗಟ್ಟುತ್ತದೆಂಬ ಮಾತನ್ನು ಸೊಂಟಾಗ್ ತಮ್ಮ 2003ರ ಪುಸ್ತಕದಲ್ಲಿ ತಾವೇ ಪ್ರಶ್ನಿಸಿಕೊಂಡರು. ಅಷ್ಟರಮಟ್ಟಿಗೆ ಗೆಲುವು ನನ್ನದು. ವಶಮಾಡಿಕೊಳ್ಳುವ ಮಾತನ್ನು ಮಾತ್ರ ನಾನು ತಳ್ಳಿಹಾಕಲಾರೆ.

ಅಜ್ಜಿಯ ತಿಥಿಯ ದಿನ ನಾವು ಹೂ ಹಾಕುವುದು, ಅವಳು ರೇಷ್ಮೆ ಸೀರೆಯುಟ್ಟು ಸ್ಟುಡಿಯೊದಲ್ಲಿ ತೆಗೆಸಿಕೊಂಡ ಚಿತ್ರಕ್ಕೆ. ಮೊರದ ಚಿತ್ರ ನನ್ನ ಮೇಜಿನ ಖಾನೆಯಲ್ಲಿದೆ. ಅದನ್ನು ಹರಿಯಲೂ ಆಗಿಲ್ಲ, ಗೋಡೆಗೆ ತೂಗಲೂ ಆಗಿಲ್ಲ.