ಕಿರುನಾಣ್ಯದ ಅಳಿವು-ಉಳಿವು

ಅತ್ಯಲ್ಪ ಬೆಲೆಯ ನಾಣ್ಯವು ಚಲಾವಣೆಯಲ್ಲಿರಬೇಕೇ ಎಂಬುದು ಕೇವಲ ಅರ್ಥಶಾಸ್ತ್ರದ ಪ್ರಶ್ನೆಯಲ್ಲ, ಧರ್ಮವಿಚಾರವೂ ಅಹುದು. 1957ರ ಏಪ್ರಿಲ್ 1ರಂದು ರೂಪಾಯಿಯು 100 ನಯಾ ಪೈಸೆಗಳಾಗಿ ವಿಭಾಗಗೊಂಡಿತು. 2011ರ ಜೂನ್ 30ರಿಂದ 25 ಪೈಸೆ ಮತ್ತು ಅದಕ್ಕೂ ಕಿರಿಯ ನಾಣ್ಯಗಳು ಮಾನ್ಯತೆಯನ್ನು ಕಳೆದುಕೊಂಡವು. 50 ಪೈಸೆಯ ನಾಣ್ಯವು ಇಂದಿಗೂ ಶಾಸನಸಮ್ಮತವಾದುದು. ಆದರೂ ಅಂಗಡಿಗಳಲ್ಲಿ ಅನೇಕರು ಅದನ್ನು ಒಲ್ಲೆನ್ನುವರು.

ನಾಣ್ಯವೊಂದು ನಿರುಪಯುಕ್ತವಾದಾಗ ರಾಜ್ಯವು ಅದನ್ನು ಹಿಂತೆಗೆದುಕೊಳ್ಳುವುದು ತಪ್ಪಲ್ಲ. ಆದರೆ ಶಾಸನವು ಹಿಂತೆಗೆಯದ ನಾಣ್ಯವನ್ನು ತಿರಸ್ಕಾರದಿಂದ ಕೊಲ್ಲುವುದು ಬೇರೆ. ಹಿಂತೆಗೆತಕ್ಕೆ ಗಡುವುಂಟು, ಬದಲಿ ಕೊಡುವ ಬ್ಯಾಂಕುಂಟು. ತಿರಸ್ಕಾರಕ್ಕೆ ಅವೆರಡೂ ಇಲ್ಲ. ಅದರ ನಷ್ಟವು ಬೀಳುವುದು ದಿನದಿನಕ್ಕೆ ಉಪ್ಪು-ಎಣ್ಣೆ ಕೊಳ್ಳುವ ಬಡವನ ಮೇಲೆ. ಚಿಲ್ಲರೆಯಿಲ್ಲವೆಂದು ಉಳಿಸಿಕೊಂಡ ಅರ್ಧ ರೂಪಾಯಿಯೂ ಅನ್ಯರ ಕಾಯಕದ ಫಲವೇ ಆಗಿದೆ.

ಇಷ್ಟು ಅಲ್ಪಕ್ಕೆ ಲೆಕ್ಕವೇಕೆ ಎನ್ನುವವರಿಗೆ ಶರಣರ ಬಾಳೇ ಉತ್ತರ. ಮಾರಯ್ಯನು ನಿತ್ಯದ ಅಳತೆಯನ್ನು ಮೀರಿ ತಂದ ಅಕ್ಕಿಯನ್ನು ಆಯ್ದಕ್ಕಿ ಲಕ್ಕಮ್ಮನು ಮರಳಿ ಸುರಿದು ಬರಹೇಳಿದಳು. ನೆಲದಿಂದ ಆಯ್ದ ಕಾಳೆಂದು ಆಕೆ ಲೆಕ್ಕವನ್ನು ಸಡಿಲಿಸಲಿಲ್ಲ. ನಾಣ್ಯವು ಅಳಿಯಲಿ, ಉಳಿಯಲಿ. ಸಲ್ಲತಕ್ಕುದನ್ನು ಸಲ್ಲಿಸುವ ನಿಷ್ಠೆಯು ಮಾತ್ರ ಅಳಿಯಬಾರದು.